ಹಾಡಿಗೆ ಬಿದ್ದ ಮತ

ಹಳೆಯ ಒಡಂಬಡಿಕೆಯ ಸಮುವೇಲನ ಮೊದಲನೆಯ ಗ್ರಂಥದಲ್ಲಿ ಒಂದು ಪ್ರಸಂಗ ಬರುತ್ತದೆ. ದೈತ್ಯನಾದ ಗೊಲ್ಯಾತನನ್ನು ಕವಣೆಕಲ್ಲಿನಿಂದ ಕೆಡವಿದ ದಾವೀದನು ಅರಸ ಸೌಲನ ದಂಡಿನೊಡನೆ ಹಿಂದಿರುಗುತ್ತಿದ್ದಾನೆ. ದಾರಿಯುದ್ದಕ್ಕೂ ಊರೂರಿನಿಂದ ಹೆಂಗಸರು ದಮ್ಮಡಿ ಬಡಿಯುತ್ತ, ಕುಣಿಯುತ್ತ ಎದುರಿಗೆ ಬರುತ್ತಾರೆ. ಅವರ ಬಾಯಲ್ಲಿ ಆಗತಾನೇ ಹುಟ್ಟಿದ ಒಂದು ಹಾಡು. ಅದರ ಸಾರ ಇಷ್ಟೆ: ಅರಸನು ಕೊಂದ ಶತ್ರುಗಳ ಲೆಕ್ಕ ಸಾವಿರದಲ್ಲಿ, ಈ ಕುರಿ ಕಾಯುವ ಹುಡುಗನದು ಹತ್ತುಸಾವಿರದಲ್ಲಿ. ನಿಜವನ್ನು ಹೇಳುವುದಾದರೆ ಅಂದಿನ ಆ ಮೆರವಣಿಗೆಗೆ ಕಾರಣವಾದದ್ದು ಒಂದೇ ಒಂದು ಹೆಣ. ಆದರೆ ಹಾಡಿನ ಲೆಕ್ಕವನ್ನು ಯಾರು ತಪಾಸಣೆ ಮಾಡುತ್ತಾರೆ? ಸೌಲನು ಮಾತ್ರ ಮಾಡಿದ. ಇನ್ನು ಇವನಿಗೆ ರಾಜ್ಯವೊಂದು ಬಾಕಿ ಎಂದು ಅವನ ಎದೆ ಕುದಿಯಿತು. ಮರುದಿನ ದಾವೀದನು ಎಂದಿನಂತೆ ಅರಸನ ಮನೋವ್ಯಥೆಯನ್ನು ಕಳೆಯಲು ಕಿನ್ನರಿ ನುಡಿಸುತ್ತಿದ್ದಾಗ ಸೌಲನು ಅವನ ಮೇಲೆ ಈಟಿಯನ್ನೆಸೆದ.

ಒಂದು ದಿನದ ಅಂತರದಲ್ಲಿ ಎರಡು ಸಂಗೀತ. ಒಂದು ಬೀದಿಯದು, ಇನ್ನೊಂದು ಅರಮನೆಯದು. ಬೀದಿಯ ಹಾಡು ಮಾಡಿದ ಗಾಯವನ್ನು ಅರಮನೆಯ ಕಿನ್ನರಿ ಮಾಯಿಸಲಾರದೆ ಹೋಯಿತು. ಜನಪ್ರಿಯ ಸಂಗೀತಕ್ಕೂ ರಾಜ್ಯಾಧಿಕಾರಕ್ಕೂ ಇರುವ ನಂಟನ್ನು ಇಷ್ಟು ಕಡಮೆ ಮಾತಿನಲ್ಲಿ ಹೇಳಿದ ಬರಹ ಮತ್ತೊಂದು ನನಗೆ ತಿಳಿಯದು. ಓಟಿನ ಪೆಟ್ಟಿಗೆ ಇನ್ನೂ ಹುಟ್ಟದ ಕಾಲದಲ್ಲಿ ಆ ಹೆಂಗಸರು ತಮ್ಮ ಮತವನ್ನು ಹಾಡಿಯೇ ತಿಳಿಸಿಬಿಟ್ಟರು.

'ಮತ' ಎಂಬ ಶಬ್ದವೂ ನಮ್ಮಲ್ಲಿ ವಿಚಿತ್ರವಾದದ್ದು. ಅಭಿಪ್ರಾಯವೂ ಮತ, ಧರ್ಮವೂ ಮತ, ಚುನಾವಣೆಯ ದಿನ ಪೆಟ್ಟಿಗೆಗೆ ಹಾಕುವುದೂ ಮತ. ಇಂಗ್ಲಿಷಿನವರಿಗೆ ಈ ಮೂರಕ್ಕೂ ಬೇರೆ ಬೇರೆ ಪದಗಳಿವೆ. ಆದರೂ ಈ ಮೂರೂ ಒಂದರೊಳಗೊಂದು ಬೆರೆತು, ಅದರ ಮೇಲೆ ಸಂಗೀತದ ಒಗ್ಗರಣೆಯೂ ಬಿದ್ದ ದೃಶ್ಯವನ್ನು ನೋಡಬೇಕಾದರೆ ಇಂಗ್ಲಿಷ್ ಮಾತನಾಡುವ ಒಂದು ಸೀಮೆಗೇ ಹೋಗಬೇಕು. ಅದೇ ಅಮೆರಿಕದ ದಕ್ಷಿಣ ಸಂಸ್ಥಾನಗಳು. ಭಾನುವಾರ ಇಗರ್ಜಿಯಲ್ಲಿ ಹಾಡಿದ ಗಂಟಲೇ ಶನಿವಾರ ರಾತ್ರಿ ಕುಣಿತದ ಮನೆಯಲ್ಲಿಯೂ ಹಾಡುವ, ಸತ್ಯವೇದವನ್ನು ಉದಾಹರಿಸದೆ ಹಂದಿಯ ಬೆಲೆಯನ್ನೂ ಮಾತನಾಡದ ನಾಡು ಅದು. ಹಾಡು, ಮುಂದಾಳುತನ, ಮತದಾನ ಈ ಮೂರನ್ನೂ ಕುರಿತು ಕ್ರೈಸ್ತನಾದವನು ಏನು ಯೋಚಿಸಬೇಕೆಂಬುದಕ್ಕೆ ಆ ಸೀಮೆಯ ನಾಲ್ಕು ದಶಕಗಳ ಕಥೆ ನನಗೆ ಬಹಳ ದಿನಗಳಿಂದ ಕಾಡುತ್ತ ಬಂದಿದೆ.

ಮೊದಲು ಹಿಟ್ಟಿನ ವ್ಯಾಪಾರಿಯ ಕಥೆ. ವಿಲ್ಬರ್ಟ್ ಲೀ ಓಡೇನಿಯಲ್ ಎಂಬುವರು ೧೯೨೫ರಲ್ಲಿ ಟೆಕ್ಸಸ್ ಸಂಸ್ಥಾನದ ಫೋರ್ಟ್‌ವರ್ತ್ ಊರಿಗೆ ಒಂದು ಗೋಧಿಹಿಟ್ಟಿನ ಗಿರಣಿಯ ಮಾರಾಟದ ಅಧಿಕಾರಿಯಾಗಿ ಬಂದರು. ರೇಡಿಯೋ ಆಗ ಹೊಸದು. ಗಿರಣಿಯ ಹಿಟ್ಟನ್ನು ಹೊಗಳಿ ಹಾಡಲು 'ಲೈಟ್ ಕ್ರಸ್ಟ್ ಡೋಬಾಯ್ಸ್' ಎಂಬ ಪಿಟೀಲು ಗಿಟಾರುಗಳ ಮೇಳವೊಂದಿತ್ತು. ಮೊದಮೊದಲು ಆ ಹಳ್ಳಿಗಾಡಿನ ಸಂಗೀತವೆಂದರೆ ಮೂಗು ಮುರಿಯುತ್ತಿದ್ದ ಓಡೇನಿಯಲ್ ಅದರಿಂದ ಹಿಟ್ಟು ಖರ್ಚಾಗುವುದನ್ನು ಕಂಡು ತಾವೇ ಮೇಳದ ಸೂತ್ರಧಾರರಾದರು. ಹಾಡು ಕಟ್ಟಿದರು, ಪದ್ಯ ಓದಿದರು, ತಾಯಂದಿರಿಗೂ ಮುದುಕರಿಗೂ ಮಕ್ಕಳಿಗೂ ಬುದ್ಧಿಮಾತು ಹೇಳಿದರು. ೧೯೩೫ರಲ್ಲಿ ಸ್ವಂತ ಹಿಟ್ಟಿನ ವ್ಯಾಪಾರ ತೆಗೆದು ಹೊಸ ಮೇಳ ಕಟ್ಟಿದರು. ಮಧ್ಯಾಹ್ನದ ಊಟದ ಹೊತ್ತಿಗೆ ಟೆಕ್ಸಸಿನ ಹೊಲಮನೆಗಳಲ್ಲಿ ಅವರ ಧ್ವನಿ ಮನೆಯ ಹಿರಿಯರದೊಂದು ಧ್ವನಿಯೇ ಆಗಿಹೋಯಿತು. ಜನ ಅವರನ್ನು 'ಪ್ಯಾಪಿ' ಎಂದರು. ನಮ್ಮಲ್ಲಾಗಿದ್ದರೆ 'ಅಪ್ಪಾಜಿ' ಎನ್ನುತ್ತಿದ್ದರು.

೧೯೩೮ರ ಗರಿಗಳ ಭಾನುವಾರದಂದು ಅವರು ರೇಡಿಯೋ ಕೇಳುವವರಿಗೆ ಒಂದು ಪ್ರಶ್ನೆ ಹಾಕಿದರು: ನಾನು ಗವರ್ನರ್ ಪದವಿಗೆ ನಿಲ್ಲಲೋ ಬೇಡವೋ? ಅಲ್ಲಿ ಗವರ್ನರ್ ಎಂದರೆ ನಮ್ಮಲ್ಲಿಯಂತೆ ನೇಮಕದವರಲ್ಲ, ಜನರೇ ಆರಿಸುವ ಆಡಳಿತಗಾರ. ಐವತ್ತು ಸಾವಿರಕ್ಕೂ ಮಿಕ್ಕಿ ಕಾಗದಗಳು 'ನಿಲ್ಲಿ' ಎಂದು ಬಂದುವೆಂದು ಅವರೇ ಹೇಳಿಕೊಂಡರು. ಕರ್ತನು ಕತ್ತೆಯನ್ನೇರಿ ಯೆರೂಸಲೇಮಿಗೆ ಬಂದಾಗ ಜನ ಗರಿ ಬೀಸಿ ಜಯಕಾರ ಮಾಡಿದ ದಿನ ಅದು. ಐದೇ ದಿನದಲ್ಲಿ ಅದೇ ಊರಿನ ಬೀದಿಯಲ್ಲಿ ಬೇರೊಂದು ಕೂಗು ಎದ್ದದ್ದನ್ನು ಓಡೇನಿಯಲ್ ನೆನೆದರೋ ಇಲ್ಲವೋ! ಚುನಾವಣೆಯ ಕಾರ್ಯಕ್ರಮವೇನು ಎಂದು ಕೇಳಿದವರಿಗೆ 'ದಶಾಜ್ಞೆಗಳು' ಎಂದು ಉತ್ತರ ಕೊಟ್ಟರು. ಮುದುಕರಿಗೆ ತಿಂಗಳಿಗೆ ೩೦ ಡಾಲರ್ ಪಿಂಚಣಿಯೆಂದರು. ಸಭೆಗಳಲ್ಲಿ ಭಾಷಣಕ್ಕಿಂತ ಹಾಡೇ ಹೆಚ್ಚು. ಮಕ್ಕಳು ಹಿಟ್ಟಿನ ಪುಟ್ಟ ಪೀಪಾಯಿಗಳನ್ನು ಹಿಡಿದು ಜನರ ನಡುವೆ ಚಂದಾ ಎತ್ತುತ್ತ ಹೋಗುವರು. ಪತ್ರಿಕೆಗಳು ನಕ್ಕವು, ಅನುಭವಸ್ಥ ರಾಜಕಾರಣಿಗಳು ನಕ್ಕರು. ಹದಿಮೂರು ಜನ ಉಮೇದುವಾರರಿದ್ದ ಪಕ್ಷದ ಚುನಾವಣೆಯಲ್ಲಿ ಮೊದಲನೆಯ ಸುತ್ತಿಗೇ ಅರ್ಧಕ್ಕಿಂತ ಹೆಚ್ಚು ಮತಗಳನ್ನು ಪಡೆದು ಪ್ಯಾಪಿ ಗೆದ್ದುಬಿಟ್ಟರು. ಅವರ ಓಟೊಂದು ಮಾತ್ರ ಅವರಿಗೆ ಬೀಳಲಿಲ್ಲ: ಟೆಕ್ಸಸಿನಲ್ಲಿ ಓಟು ಹಾಕಲು ತಲೆಗಂದಾಯ ಕಟ್ಟಿರಬೇಕಾಗಿತ್ತು, ಅವರು ಕಟ್ಟಿರಲಿಲ್ಲ.

ಗೆದ್ದಮೇಲೆ ಪಿಂಚಣಿ ಹೇಳಿದಷ್ಟು ಬರಲಿಲ್ಲ. ಮಾರಾಟದ ತೆರಿಗೆಯನ್ನು ತಡೆಯುತ್ತೇನೆಂದವರು ಬೇರೆ ಹೆಸರಿನಲ್ಲಿ ಅದನ್ನೇ ತರಲು ಹೊರಟರು. ಆದರೂ ಹಾಡಿನ ಕಳೆ ಇಳಿಯಲಿಲ್ಲ. ೧೯೪೦ರಲ್ಲಿ ಮತ್ತೆ ಗೆದ್ದರು. ೧೯೪೧ರಲ್ಲಿ ಸೆನೆಟ್ ಸಭೆಯ ಸ್ಥಾನವೊಂದಕ್ಕೆ ನಿಂತು, ಲಿಂಡನ್ ಜಾನ್ಸನ್ ಎಂಬ ತರುಣನನ್ನು ೧,೩೧೧ ಮತಗಳಿಂದ ಸೋಲಿಸಿದರು. ಎಣಿಕೆಯ ಕೊನೆಯ ದಿನಗಳಲ್ಲಿ ನಡೆದದ್ದರ ಬಗ್ಗೆ ಬೇಕಾದಷ್ಟು ಗುಸುಗುಸು ಇದೆ, ಅದು ಬೇರೆಯ ಮಾತು. ಈ ಜಾನ್ಸನ್ ಎಂಬ ಹೆಸರನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಎರಡನೆಯವರು ಲೂಯಿಸಿಯಾನದ ಜಿಮ್ಮಿ ಡೇವಿಸ್. ಇವರು ಹಿಟ್ಟು ಮಾರಿದವರಲ್ಲ, ನಿಜವಾದ ಹಾಡುಗಾರರು. ೧೯೪೦ರಲ್ಲಿ ಅವರು ಧ್ವನಿಮುದ್ರಿಸಿದ 'ಯೂ ಆರ್ ಮೈ ಸನ್‌ಷೈನ್' ಎಂಬ ಹಾಡು ಲೋಕವನ್ನೆಲ್ಲ ಸುತ್ತಿತು. ಇದನ್ನು ಅವರೇ ಕಟ್ಟಿದ್ದಲ್ಲ, ಬೇರೊಬ್ಬರಿಂದ ಹಕ್ಕು ಕೊಂಡು ತಮ್ಮ ಹೆಸರಿಗೆ ಹಾಕಿಕೊಂಡದ್ದು ಎಂಬ ಮಾತು ಈಗ ಬಹುಮಟ್ಟಿಗೆ ಒಪ್ಪಿತವಾಗಿದೆ. ಇರಲಿ. ಆ ಹಾಡಿನ ರಚನೆಯನ್ನು ಗಮನಿಸಬೇಕು. ಎಲ್ಲರ ಬಾಯಲ್ಲಿರುವುದು ಪಲ್ಲವಿ ಮಾತ್ರ. ಮಗುವನ್ನು ತೊಟ್ಟಿಲಲ್ಲಿ ತೂಗುವವರೂ ಅದನ್ನೇ ಹಾಡುತ್ತಾರೆ. ಅದರ ಚರಣಗಳನ್ನು ಓದಿದವರಿಗೆ ಆಶ್ಚರ್ಯವಾಗುತ್ತದೆ. ಒಂದರಲ್ಲಿ ಪ್ರಿಯೆ ಕನಸಿನಲ್ಲಿ ಬಂದು ಎಚ್ಚರವಾಗುವಷ್ಟರಲ್ಲಿ ಇಲ್ಲವಾದ ಅಳು. ಇನ್ನೊಂದರಲ್ಲಿ ನನ್ನನ್ನು ಬಿಟ್ಟು ಬೇರೊಬ್ಬನನ್ನು ಪ್ರೀತಿಸಿದರೆ ಮುಂದೆ ಪಶ್ಚಾತ್ತಾಪ ಪಡುವೆ ಎಂಬ ಬೆದರಿಕೆ. ಪಲ್ಲವಿ ಬಿಸಿಲು, ಚರಣ ಕತ್ತಲೆ. ಜನ ಬಿಸಿಲನ್ನು ಹಾಡಿದರು, ಕತ್ತಲೆಯನ್ನು ಬಿಟ್ಟರು. ವಿಮರ್ಶಕನಾಗಿ ನಾನು ಇದನ್ನು ಆ ಹಾಡಿನ ದೋಷವೆನ್ನಲಾರೆ. ಅದರ ಚಾತುರ್ಯವೇ ಅಲ್ಲಿದೆ. ಚುನಾವಣೆಯ ವೇದಿಕೆಯ ಮೇಲೆ ಬಂದಾಗ ಮಾತ್ರ ಆ ಚಾತುರ್ಯದ ಬಣ್ಣ ಬದಲಾಗುತ್ತದೆ.

ಡೇವಿಸ್ ಹಾಡುತ್ತ ಹಾಡುತ್ತಲೇ ೧೯೪೪ರಲ್ಲಿ ಗವರ್ನರ್ ಆದರು. ಸೌಮ್ಯ ಸ್ವಭಾವದವರು, ಯಾರ ಮನಸ್ಸನ್ನೂ ನೋಯಿಸದವರು ಎಂದು ಹೆಸರು ಪಡೆದರು. ಅಧಿಕಾರ ಬಿಟ್ಟಮೇಲೆ ಭಕ್ತಿಗೀತೆಗಳ ಕಡೆ ಹೊರಳಿದರು. ಅವರ ಕ್ರೈಸ್ತ ಗೀತೆಗಳ ತಟ್ಟೆಗಳು ಧಾರಾಳವಾಗಿ ಮಾರಾಟವಾದುವು. ೧೯೬೦ರಲ್ಲಿ ಮತ್ತೆ ನಿಂತರು. ಈ ಸಲ ಹಾಡಿನ ಜೊತೆಗೆ ಬಿಳಿಯರ ಶಾಲೆಗೆ ಕರಿಯರ ಮಕ್ಕಳನ್ನು ಬಿಡುವುದಿಲ್ಲವೆಂಬ ಭರವಸೆಯೂ ಇತ್ತು. ಗೆದ್ದರು. ಅದೇ ವರ್ಷ ನವೆಂಬರ್ ೧೪ರಂದು ನ್ಯೂ ಆರ್ಲಿಯನ್ಸ್ ನಗರದಲ್ಲಿ ನ್ಯಾಯಾಲಯದ ಆಜ್ಞೆಯ ಮೇರೆಗೆ ಆರಾರು ವರ್ಷದ ನಾಲ್ಕು ಜನ ಕರಿಯ ಹುಡುಗಿಯರು ಪೋಲೀಸರ ಕಾವಲಿನಲ್ಲಿ ಬಿಳಿಯರ ಶಾಲೆಗಳ ಮೆಟ್ಟಲು ಹತ್ತಿದರು. ಅದನ್ನು ತಡೆಯಲು ಶಾಸನಸಭೆಯ ವಿಶೇಷ ಅಧಿವೇಶನಗಳನ್ನು ಒಂದರ ಮೇಲೊಂದು ಕರೆದು ಕಾನೂನುಗಳ ರಾಶಿ ಹಾಕಿಸಿದವರು ಈ ಸುವಾರ್ತಾಗೀತೆಗಳ ಗಾಯಕರು. ಶಾಲೆಯ ಹೊರಗೆ ನಿಂತು ಆ ಮಕ್ಕಳ ಮೇಲೆ ಕೂಗಾಡಿದ ಹೆಂಗಸರಲ್ಲಿ ಎಷ್ಟು ಜನರ ಮನೆಯಲ್ಲಿ ಅವರ ತಟ್ಟೆಗಳಿದ್ದುವೋ, ದೇವರೇ ಬಲ್ಲ.

ಈ ಇಬ್ಬರನ್ನೂ ಕಪಟಿಗಳೆಂದು ತಳ್ಳಿಹಾಕುವುದು ಸುಲಭ. ನನಗೆ ಹಾಗೆನ್ನಿಸುವುದಿಲ್ಲ. ಓಡೇನಿಯಲ್ ತಾಯಿಯ ಮಮತೆಯನ್ನು ಹಾಡುವಾಗ ಅವರ ಕಣ್ಣಿನಲ್ಲಿಯೂ ನೀರು ಬಂದಿರಬಹುದು. ಡೇವಿಸರ ಭಕ್ತಿಯೂ ಅವರ ಮಟ್ಟಿಗೆ ನಿಜವಾಗಿರಬಹುದು. ಆದರೆ ಅವರ ಹಾಡು ಕೇಳುವವನಿಂದ ಏನನ್ನೂ ಬೇಡುವುದಿಲ್ಲ. ನೀನು ಒಳ್ಳೆಯವನು, ನಿನ್ನ ತಾಯಿ ಒಳ್ಳೆಯವಳು, ನಿನ್ನ ದೇವರು ನಿನ್ನ ಪಕ್ಷ, ಓಟನ್ನು ಹಾಕಿ ಮನೆಗೆ ಹೋಗು ಎನ್ನುತ್ತದೆ. ಅವರು ಹಾಡಿದರು, ಜನ ಕೇಳಿದರು. ಹಾಡು ಮುಗಿದಾಗ ಅಧಿಕಾರ ಅವರ ಕೈಯಲ್ಲಿತ್ತು, ಸಂತೋಷ ಮಾತ್ರ ಜನರ ಕೈಯಲ್ಲಿತ್ತು.

ನ್ಯಾಯಸ್ಥಾಪಕರ ಗ್ರಂಥದಲ್ಲಿ ಯೋತಾಮನು ಹೇಳುವ ಕಥೆ ಇಲ್ಲಿ ನೆನಪಾಗದೆ ಇರದು. ಅಬೀಮೆಲೆಕನೆಂಬುವನು ತನ್ನ ಎಪ್ಪತ್ತು ಜನ ಸಹೋದರರನ್ನು ಒಂದೇ ಕಲ್ಲಿನ ಮೇಲೆ ಕೊಲ್ಲಿಸಿ ಅರಸನಾಗುತ್ತಾನೆ. ತಪ್ಪಿಸಿಕೊಂಡ ಕಿರಿಯವನಾದ ಯೋತಾಮನು ಗೆರಿಜ್ಜೀಮ್ ಬೆಟ್ಟದ ತುದಿಯಲ್ಲಿ ನಿಂತು ಊರಿನವರಿಗೆ ಕೇಳಿಸುವಂತೆ ಒಂದು ಕಥೆ ಹೇಳುತ್ತಾನೆ. ಮರಗಳೆಲ್ಲ ಸೇರಿ ತಮಗೊಬ್ಬ ಅರಸನು ಬೇಕೆಂದು ಹೊರಟವು. ಎಣ್ಣೆಮರವನ್ನು ಕೇಳಿದವು, ಅದು ತನ್ನ ಎಣ್ಣೆಯನ್ನು ಬಿಟ್ಟು ಬರಲೊಲ್ಲೆನೆಂದಿತು. ಅಂಜೂರದ ಮರ ತನ್ನ ಸವಿಹಣ್ಣನ್ನು ಬಿಡಲಿಲ್ಲ, ದ್ರಾಕ್ಷಿಯ ಬಳ್ಳಿ ತನ್ನ ರಸವನ್ನು ಬಿಡಲಿಲ್ಲ. ಕೊನೆಗೆ ಮುಳ್ಳುಗಿಡವನ್ನು ಕೇಳಿದಾಗ ಅದು ತಟ್ಟನೆ ಒಪ್ಪಿತು; ಬನ್ನಿ, ನನ್ನ ನೆರಳಿನಲ್ಲಿ ಕುಳಿತುಕೊಳ್ಳಿ, ಇಲ್ಲವಾದರೆ ನನ್ನಿಂದ ಬೆಂಕಿ ಹೊರಟು ಲೆಬನೋನಿನ ದೇವದಾರುಗಳನ್ನೂ ಸುಡುವುದು ಎಂದಿತು. ನೆಲಕ್ಕೆ ಅಂಟಿಕೊಂಡ ಮುಳ್ಳುಗಿಡಕ್ಕೆ ನೆರಳೆಲ್ಲಿಂದ ಬರಬೇಕು! ವ್ಯಂಗ್ಯವೆಂದರೆ ಇದು. ಪ್ರಪಂಚದ ಹಳೆಯ ರಾಜಕೀಯ ವಿಡಂಬನೆಗಳಲ್ಲಿ ಇದಕ್ಕೆ ಸಮನಾದದ್ದು ವಿರಳ.

ಈ ಕಥೆಯ ಮೇಲೆ ಪ್ರಸಂಗ ಮಾಡುವವರು ಸಾಮಾನ್ಯವಾಗಿ ಮುಳ್ಳುಗಿಡವನ್ನು ಬೈದು ಮುಗಿಸುತ್ತಾರೆ. ನನ್ನ ಕಣ್ಣು ಹೋಗುವುದು ಆ ಮೂರು ಮರ್ಯಾದಸ್ಥ ಮರಗಳ ಕಡೆಗೆ. ಅವು ಹೇಳಿದ್ದರಲ್ಲಿ ತಪ್ಪೇನಿದೆ? ಎಣ್ಣೆ ಬೇಕು, ಹಣ್ಣು ಬೇಕು, ರಸವೂ ಬೇಕು. ಆದರೂ ಮುಳ್ಳುಗಿಡಕ್ಕೆ ಪಟ್ಟ ಕಟ್ಟಿದವರಲ್ಲಿ ಅವುಗಳ ಪಾಲೂ ಇದೆ. ದಕ್ಷಿಣದ ಬಿಳಿಯರ ಸಭೆಗಳಲ್ಲಿ ಒಳ್ಳೆಯ ಎಣ್ಣೆಮರಗಳು ಬಹಳ ಇದ್ದುವು. ವಾದ್ಯಮೇಳವೂ ಇತ್ತು, ನುರಿತ ಗಾಯಕವೃಂದವೂ ಇತ್ತು. ಆಮೋಸ ಪ್ರವಾದಿಯ ಬಾಯಲ್ಲಿ ದೇವರು ಯಾವ ಹಾಡಿನ ಗದ್ದಲವನ್ನು ತನ್ನೆದುರಿನಿಂದ ತೆಗೆದುಬಿಡಿರೆಂದನೋ ಆ ಹಾಡು ಅಲ್ಲಿ ಸುಸ್ವರವಾಗಿ ನಡೆಯುತ್ತಿತ್ತು.

ಇನ್ನು ಮಿಸಿಸಿಪ್ಪಿಗೆ ಬರೋಣ. ಫ್ಯಾನಿ ಲೂ ಹೇಮರ್ ಎಂಬ ಹೆಂಗಸು ೧೯೧೭ರಲ್ಲಿ ಪಾಲಿಗೆ ಗೇಯುವ ಕರಿಯ ಒಕ್ಕಲಿನ ಮನೆಯಲ್ಲಿ ಇಪ್ಪತ್ತು ಮಕ್ಕಳಲ್ಲಿ ಕಡೆಯವರಾಗಿ ಹುಟ್ಟಿದರು. ಆರನೆಯ ವಯಸ್ಸಿಗೆ ಹತ್ತಿ ಬಿಡಿಸಲು ಹೋದರು. ತನಗೂ ಓಟಿನ ಹಕ್ಕಿದೆ ಎಂಬುದು ಅವರಿಗೆ ಗೊತ್ತಾದದ್ದು ನಾಲ್ವತ್ತನಾಲ್ಕನೆಯ ವಯಸ್ಸಿನಲ್ಲಿ, ೧೯೬೨ರ ಆಗಸ್ಟಿನಲ್ಲಿ, ರೂಲ್‌ವಿಲ್ ಎಂಬ ಚಿಕ್ಕ ಊರಿನ ಇಗರ್ಜಿಯೊಂದರಲ್ಲಿ ನಡೆದ ಕೂಟದಲ್ಲಿ. ಆಗಸ್ಟ್ ೩೧ರಂದು ಹದಿನೆಂಟು ಜನ ಒಂದು ಹಳೆಯ ಬಸ್ಸಿನಲ್ಲಿ ಇಂಡಿಯನೋಲಾ ಎಂಬ ಕೌಂಟಿಯ ಊರಿಗೆ ಹೆಸರು ನೊಂದಾಯಿಸಲು ಹೋದರು. ಹತ್ತಿಯ ಕೂಲಿಗಳನ್ನು ಹೊಲಕ್ಕೆ ಸಾಗಿಸುತ್ತಿದ್ದ ಬಸ್ಸು ಅದು. ಅಲ್ಲಿ 'ಅಕ್ಷರ ಪರೀಕ್ಷೆ' ಎಂಬುದೊಂದಿತ್ತು: ಸಂಸ್ಥಾನದ ಸಂವಿಧಾನದ ಒಂದು ಕಲಮನ್ನು ನಕಲು ಮಾಡಿ ಅದರ ಅರ್ಥವನ್ನು ಬರೆಯಬೇಕು, ಅರ್ಥ ಸರಿಯೋ ತಪ್ಪೋ ಎಂದು ತೀರ್ಮಾನಿಸುವವನು ಗುಮಾಸ್ತೆ. ಹೇಮರರಿಗೆ ಬಂದದ್ದು ರೂಢಿಯಿಂದ ನಡೆಯುವ ಕಾನೂನುಗಳ ಕಲಮು. ವಕೀಲರಿಗೇ ತಲೆ ತಿನ್ನುವ ವಿಷಯ. ಎಲ್ಲರೂ ಅನುತ್ತೀರ್ಣರಾದರು.

ಹಿಂದಿರುಗುವ ದಾರಿಯಲ್ಲಿ ಪೋಲೀಸರು ಬಸ್ಸನ್ನು ತಡೆದರು. ಅಪರಾಧವೇನು? ಬಸ್ಸಿನ ಬಣ್ಣ ಹಳದಿ, ಶಾಲೆಯ ಬಸ್ಸಿನ ಹಾಗೆ ಕಾಣುತ್ತದೆ! ಚಾಲಕನಿಗೆ ೧೦೦ ಡಾಲರ್ ಜುಲ್ಮಾನೆ; ಚೌಕಾಸಿಯಾಗಿ ೩೦ಕ್ಕೆ ಇಳಿಯಿತು; ಒಳಗಿದ್ದ ಬಡವರೆಲ್ಲ ಪುಡಿಗಾಸು ಕೂಡಿಸಿ ಕಟ್ಟಿದರು. ಬಸ್ಸಿನೊಳಗೆ ಭಯ ಕವಿದು ಕುಳಿತಿತ್ತು. ಸೆರೆಮನೆಯೋ, ಅದಕ್ಕಿಂತ ಕೆಟ್ಟದ್ದೋ ಯಾರಿಗೆ ಗೊತ್ತು? ಆಗ ಹಿಂದಿನಿಂದ ಒಂದು ಕಂಠ ಎದ್ದಿತು. ಹೇಮರ್ ಹಾಡತೊಡಗಿದರು. ಮೊದಲು ಒಬ್ಬರೇ, ಆಮೇಲೆ ಬಸ್ಸೆಲ್ಲ ಹಾಡಿತು. 'ದಿಸ್ ಲಿಟ್ಲ್ ಲೈಟ್ ಆಫ್ ಮೈನ್' ಎಂಬುದು ಅವರಿಗೆ ಬಹು ಪ್ರಿಯವಾದ ಹಾಡು. ಅಂದು ಹಾಡಿದವುಗಳಲ್ಲಿ ಅದೂ ಒಂದು ಎನ್ನುತ್ತಾರೆ.

ಸಾಹಿತ್ಯದ ತಕ್ಕಡಿಯಲ್ಲಿಟ್ಟರೆ ಈ ಹಾಡಿಗೆ ತೂಕವಿಲ್ಲ. ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ಕಲಿಸುವ ಪದ. ತನ್ನದೊಂದು ಪುಟ್ಟ ದೀಪ, ಅದನ್ನು ಬೆಳಗಗೊಡುತ್ತೇನೆ ಎಂಬ ಒಂದೇ ಭಾವ. ಪರ್ವತಪ್ರಸಂಗದಲ್ಲಿ ಯೇಸುಸ್ವಾಮಿ ದೀಪವನ್ನು ಕೊಳಗದ ಕೆಳಗಿಡಬಾರದೆಂದು ಹೇಳಿದ್ದರ ಮಕ್ಕಳ ಪಾಠ. ಒಂದೇ ಸಾಲು ಮತ್ತೆ ಮತ್ತೆ ಬರುತ್ತದೆ. ಆದರೆ ಆ ಪುನರಾವೃತ್ತಿಯೇ ಅದರ ಬಲ. ಪುಸ್ತಕ ಬೇಡ, ಅಕ್ಷರ ಬೇಡ; ಒಬ್ಬರು ಎತ್ತಿಕೊಟ್ಟರೆ ನಮ್ಮ ಭಜನೆಯಲ್ಲಿ ಹೇಗೋ ಹಾಗೆ ಉಳಿದವರು ಹಿಡಿದುಕೊಳ್ಳುತ್ತಾರೆ. ಸಾಲಿನಲ್ಲಿ ಒಂದು ಜಾಗ ಯಾವಾಗಲೂ ಖಾಲಿ. ಅಲ್ಲಿ ಮನೆಯ ಹೆಸರು ಹಾಕಬಹುದು, ಊರಿನ ಹೆಸರು ಹಾಕಬಹುದು, ಸೆರೆಮನೆಯ ಹೆಸರನ್ನೂ ಹಾಕಬಹುದು. ಹೆದರಿಸಿದವನ ಹೆಸರನ್ನು ಹಾಡಿನೊಳಕ್ಕೆ ಎಳೆದುಕೊಂಡಾಗ ಅವನು ಅರ್ಧ ಚಿಕ್ಕವನಾಗುತ್ತಾನೆ. ಡೇವಿಸರ ಹಾಡಿನಲ್ಲಿ ಕೇಳುವವನು ತುಂಬಬೇಕಾದ ಖಾಲಿ ಜಾಗವೇ ಇಲ್ಲ. ಎಲ್ಲವನ್ನೂ ಗಾಯಕನೇ ತುಂಬಿಬಿಟ್ಟಿದ್ದಾನೆ. ಅಕ್ಷರ ಪರೀಕ್ಷೆಯಲ್ಲಿ ಅರ್ಥ ಹೇಳಲಾರದವರೆಂದು ಬೆಳಗ್ಗೆ ಮರಳಿಸಲ್ಪಟ್ಟವರು ಸಂಜೆಗೆ ಬಸ್ಸಿನಲ್ಲಿ ಕುಳಿತು ಮತ್ತಾಯನ ಸುವಾರ್ತೆಗೆ ಅರ್ಥ ಬರೆದರು.

ಅಂದೇ ರಾತ್ರಿ ಜಮೀನಿನ ಧಣಿ ಬಂದು, ಅರ್ಜಿಯನ್ನು ಹಿಂದಕ್ಕೆ ತೆಗೆದುಕೋ, ಇಲ್ಲವೇ ಮನೆ ಬಿಡು ಎಂದ. ತಾನು ಹೋದದ್ದು ಧಣಿಗಾಗಿಯಲ್ಲ, ತನಗಾಗಿ ಎಂಬರ್ಥದ ಉತ್ತರವನ್ನು ಕೊಟ್ಟು ಹೇಮರ್ ಹದಿನೆಂಟು ವರ್ಷ ದುಡಿದ ಆ ಜಮೀನನ್ನು ಬಿಟ್ಟು ಹೊರಟರು. ಕೆಲವು ದಿನಗಳಲ್ಲಿ ಅವರು ತಂಗಿದ್ದ ಮನೆಯ ಮೇಲೆ ಗುಂಡು ಹಾರಿತು. ೧೯೬೩ರ ಜನವರಿಯಲ್ಲಿ, ಮತ್ತೆ ಪರೀಕ್ಷೆಗೆ ಕುಳಿತು ಪಾಸಾದದ್ದು ತಿಳಿಯಿತು. ಆದರೆ ಓಟು ಹಾಕಹೋದರೆ ತಲೆಗಂದಾಯದ ರಸೀತಿ ಎಲ್ಲಿ ಎಂದರು! ಅದೇ ಜೂನ್ ತಿಂಗಳಲ್ಲಿ ವಿನೋನ ಎಂಬ ಊರಿನ ಸೆರೆಮನೆಯಲ್ಲಿ ಅವರನ್ನು ಹೊಡೆದ ಹೊಡೆತ ಜೀವವಿರುವವರೆಗೂ ವಾಸಿಯಾಗಲಿಲ್ಲ. ಆ ಸೆರೆಯಲ್ಲಿಯೂ ಅವರೂ ಜೊತೆಯವರೂ ಹಾಡಿದರು. ಪೌಲನೂ ಸೀಲನೂ ಫಿಲಿಪ್ಪಿಯ ಸೆರೆಯಲ್ಲಿ ನಡುರಾತ್ರಿ ಹಾಡಿದ ಕಥೆ ಅವರಿಗೆ ಬಾಯಿಪಾಠವಾಗಿದ್ದಿತು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಇವೆಲ್ಲ ಭಕ್ತಿಗೀತೆಗಳು, ಕುಣಿತದ ಮನೆಯ ಸಂಗೀತದ ಮಾತೇನು? ನಮ್ಮ ಹಿರಿಯರ ಮನೆಗಳಲ್ಲಿ ಸಿನಿಮಾ ಹಾಡನ್ನು ಗುನುಗುವ ಹುಡುಗನಿಗೆ ಆದ ಶಾಸ್ತಿಯನ್ನು ಬಲ್ಲವರಿಗೆ ಈ ಪ್ರಶ್ನೆ ಹೊಸದಲ್ಲ. ಅಮೆರಿಕದ ಕರಿಯ ಜನರ ಸಭೆಗಳಲ್ಲಿಯೂ ಈ ಗೋಡೆ ಎತ್ತರವಾಗಿಯೇ ಇತ್ತು; ಮಹಾ ಗಾಯಕಿ ಮಹೇಲಿಯಾ ಜಾಕ್ಸನ್ ಕೊನೆಯವರೆಗೂ ಬ್ಲೂಸ್ ಹಾಡಲೊಲ್ಲೆನೆಂದರು. ಆದರೆ ಗೋಡೆಯಲ್ಲಿ ಕಂಡಿಗಳು ಬಹಳ. ಹಿಂದೆ 'ಜಾರ್ಜಿಯಾ ಟಾಮ್' ಎಂಬ ಹೆಸರಿನಿಂದ ಪೋಲಿ ಬ್ಲೂಸ್ ಹಾಡುಗಳನ್ನು ನುಡಿಸಿದ ಥಾಮಸ್ ಡಾರ್ಸಿಯೇ ೧೯೩೨ರಲ್ಲಿ ಹೆಂಡತಿಯನ್ನೂ ಹಸುಗೂಸನ್ನೂ ಕಳೆದುಕೊಂಡ ಸಂಕಟದಲ್ಲಿ 'ಟೇಕ್ ಮೈ ಹ್ಯಾಂಡ್, ಪ್ರೆಷಸ್ ಲಾರ್ಡ್' ಬರೆದರು. ಮೊದಲು ಅವರ ಹಾಡುಗಳನ್ನು ಹಲವು ಪಾದ್ರಿಗಳು ಹೊಸ್ತಿಲ ಹೊರಗೇ ನಿಲ್ಲಿಸಿದರು. ಮಾರ್ಟಿನ್ ಲೂಥರ್ ಕಿಂಗ್ ೧೯೬೮ರ ಏಪ್ರಿಲ್ ೪ರಂದು ಗುಂಡೇಟು ಬೀಳುವ ಕೆಲವೇ ಕ್ಷಣಗಳ ಮುಂಚೆ ಆ ಸಂಜೆಯ ಸಭೆಯಲ್ಲಿ ನುಡಿಸಬೇಕೆಂದು ಕೇಳಿದ್ದು ಅದೇ ಹಾಡನ್ನು. ಅವರ ಶವಸಂಸ್ಕಾರದಲ್ಲಿ ಅದನ್ನು ಮಹೇಲಿಯಾ ಹಾಡಿದರು.

ಹೊರಗಿನಿಂದ ಒಳಗೆ ಬಂದದ್ದು ಇದಾದರೆ, ಒಳಗಿನಿಂದ ಹೊರಗೆ ಹೋದದ್ದೂ ಉಂಟು. ಹೇಮರರ ಆ ದೀಪದ ಹಾಡನ್ನೇ ತೆಗೆದುಕೊಂಡು, ದೀಪವಿದ್ದ ಜಾಗದಲ್ಲಿ ಹುಡುಗಿಯನ್ನು ಕೂರಿಸಿ ರೇ ಚಾರ್ಲ್ಸ್ ೧೯೫೫ರಲ್ಲಿ ಪ್ರೇಮಗೀತೆ ಮಾಡಿದರು. ಭಕ್ತರು ಕೆರಳಿದರು. ಆದರೆ ತಮಾಷೆ ನೋಡಿ: ೧೯೬೧ರ ಸುಮಾರಿಗೆ ಸೆರೆಮನೆ ಸೇರಿದ ವಿದ್ಯಾರ್ಥಿಗಳು ಅದೇ ರೇ ಚಾರ್ಲ್ಸರ 'ಹಿಟ್ ದಿ ರೋಡ್, ಜ್ಯಾಕ್' ಎಂಬ ಜಗಳದ ಹಾಡನ್ನು ಹಿಡಿದು ಮಾತು ಬದಲಿಸಿ, ನಿನ್ನ ಹಕ್ಕನ್ನು ಪಡೆದುಕೋ ಎಂದು ಹಾಡಿದರು. ಬೆಲಫಾಂಟೆಯವರ ಬಾಳೆಗೊನೆ ಹೊರುವವರ ಹಾಡಿಗೂ ಇದೇ ಗತಿಯಾಯಿತು. ದೇವಾಲಯದಿಂದ ಕದ್ದದ್ದು ಬಡ್ಡಿಸಮೇತ ಹಿಂದಕ್ಕೆ ಬಂದಿತೆನ್ನಬೇಕು. ಆದ್ದರಿಂದ ಧಾಟಿ ಯಾವ ಮನೆಯಲ್ಲಿ ಹುಟ್ಟಿತು ಎಂದು ಜಾತಿ ಕೇಳುವ ವಿಮರ್ಶೆಯಲ್ಲಿ ನನಗೆ ನಂಬಿಕೆಯಿಲ್ಲ. ಬಾಸೆಲ್ ಮಿಷನ್ನಿನವರ ಕಾಲದಿಂದ ನಾವು ಕನ್ನಡದಲ್ಲಿ ಹಾಡುತ್ತ ಬಂದ ಜರ್ಮನ್ ಧಾಟಿಗಳ ವಂಶಾವಳಿಯನ್ನು ಕೆದಕಿದರೆ ಅಲ್ಲಿಯೂ ಬೀದಿಯ ಧೂಳು ಸಿಕ್ಕೀತು.

೧೯೬೪ರ ಆಗಸ್ಟ್ ೨೨ರಂದು ಅಟ್ಲಾಂಟಿಕ್ ಸಿಟಿಯಲ್ಲಿ ಡೆಮೊಕ್ರಾಟಿಕ್ ಪಕ್ಷದ ಮಹಾಧಿವೇಶನ. ಬಿಳಿಯರೇ ತುಂಬಿದ ಮಿಸಿಸಿಪ್ಪಿಯ ಪ್ರತಿನಿಧಿಗಳ ಬದಲು ತಮ್ಮನ್ನು ಕೂರಿಸಬೇಕೆಂದು ಕೇಳಲು ಹೇಮರರ ಗುಂಪು ಬಂದಿತ್ತು. ವಿನೋನದ ಸೆರೆಯಲ್ಲಿ ಆದದ್ದನ್ನು ಅವರು ಸಮಿತಿಯ ಮುಂದೆ ಹೇಳುತ್ತಿದ್ದರು. ದೇಶವೆಲ್ಲ ಟೆಲಿವಿಷನ್ನಿನಲ್ಲಿ ನೋಡುತ್ತಿತ್ತು. ಅಷ್ಟರಲ್ಲಿ ಅಧ್ಯಕ್ಷರು ತುರ್ತಾಗಿ ಪತ್ರಿಕಾಗೋಷ್ಠಿ ಕರೆದುಬಿಟ್ಟರು, ಕ್ಯಾಮರಾಗಳೆಲ್ಲ ಅತ್ತ ತಿರುಗಿದವು. ಆ ಅಧ್ಯಕ್ಷರು ಬೇರಾರೂ ಅಲ್ಲ, ೧೯೪೧ರಲ್ಲಿ ಹಿಟ್ಟಿನ ವ್ಯಾಪಾರಿಯ ಹಾಡಿಗೆ ಸೋತಿದ್ದ ಲಿಂಡನ್ ಜಾನ್ಸನ್. ಜನರ ಕಿವಿಗೆ ತಲಪುವ ಧ್ವನಿ ಏನು ಮಾಡಬಲ್ಲದೆಂದು ಅವರಷ್ಟು ಬಲ್ಲವರಾರು? ಆದರೆ ಉಪಾಯ ಫಲಿಸಲಿಲ್ಲ. ಅಂದು ಸಂಜೆಯ ವಾರ್ತೆಗಳಲ್ಲಿ ಅವರ ಸಾಕ್ಷ್ಯವನ್ನು ಮತ್ತೆ ತೋರಿಸಿದರು. ಕೊನೆಗೆ ಅರವತ್ತೆಂಟು ಜನರ ಗುಂಪಿಗೆ ಎರಡು ಸ್ಥಾನ ಕೊಡುತ್ತೇವೆಂದರು. ರಾಷ್ಟ್ರೀಯ ಮಟ್ಟದ ಹಲವರು ಹಿರಿಯ ಮುಂದಾಳುಗಳು ಒಪ್ಪಿಕೊಳ್ಳಿರೆಂದರು. ಹೇಮರ್ ಒಪ್ಪಲಿಲ್ಲ.

ಇದು ಸರಿಯಾಯಿತೇ? ನನಗೆ ಈಗಲೂ ಪೂರ್ತಿ ತೀರ್ಮಾನವಿಲ್ಲ. ರಾಜಕಾರಣದಲ್ಲಿ ಸಿಕ್ಕಿದ್ದನ್ನು ಹಿಡಿದು ಮುಂದೆ ಹೋಗುವುದು ಪಾಪವಲ್ಲ. ನಾಗರಿಕ ಹಕ್ಕುಗಳ ಕಾನೂನಿಗೆ ಆ ಜುಲೈನಲ್ಲಿ ಸಹಿ ಹಾಕಿದವರೂ ಅದೇ ಜಾನ್ಸನ್. ದಕ್ಷಿಣವೆಲ್ಲ ಕೈಬಿಟ್ಟುಹೋದೀತೆಂಬ ಅವರ ಅಂಜಿಕೆ ಸುಳ್ಳೂ ಆಗಿರಲಿಲ್ಲ. ಆದರೆ ಎರಡು ಸ್ಥಾನಗಳಲ್ಲಿ ಕೂರುವವರು ಯಾರೆಂಬುದನ್ನೂ ಕೊಡುವವರೇ ನಿಶ್ಚಯಿಸಿದ್ದರು. ಇಂಥವರನ್ನೇ ಆರಿಸಿಕೋ ಎಂದು ಹೇಳಿ ಕೊಟ್ಟ ಮತ ಮತವೇ? ಅಪೊಸ್ತಲರ ಕೃತ್ಯಗಳಲ್ಲಿ ಗ್ರೀಕ್ ಭಾಷೆಯ ವಿಧವೆಯರಿಗೆ ದಿನದ ಊಟದ ಹಂಚಿಕೆಯಲ್ಲಿ ಅನ್ಯಾಯವಾಗುತ್ತಿದೆ ಎಂಬ ಗೊಣಗಾಟ ಎದ್ದಾಗ, ಅಪೊಸ್ತಲರು ತಾವೇ ಏಳು ಜನರನ್ನು ನೇಮಿಸಬಹುದಾಗಿತ್ತು. ಹಾಗೆ ಮಾಡದೆ, ಒಳ್ಳೆಯ ಹೆಸರಿನವರನ್ನು ನಿಮ್ಮೊಳಗಿಂದ ನೀವೇ ಆರಿಸಿರೆಂದು ಸಭೆಗೆ ಬಿಟ್ಟರು. ಸಭೆ ಆರಿಸಿದ ಏಳು ಹೆಸರುಗಳೂ ಗ್ರೀಕ್ ಹೆಸರುಗಳು. ದೂರಿದವರ ಕೈಗೇ ಬಡಿಸುವ ಸೌಟು ಬಂದಿತು. ಅಟ್ಲಾಂಟಿಕ್ ಸಿಟಿಯಲ್ಲಿ ಯಾರಿಗೂ ಈ ಅಧ್ಯಾಯ ನೆನಪಾಗಲಿಲ್ಲ.

ಮುಂದಿನ ವರ್ಷ ಸೆಲ್ಮಾ ಊರಿನ ಸೇತುವೆಯ ಮೇಲೆ ಓಟಿನ ಹಕ್ಕಿಗಾಗಿ ಹೊರಟವರ ಮೇಲೆ ಲಾಠಿ ಬಿದ್ದಿತು. ಮಾರ್ಚ್ ೧೫ರಂದು ಕಾಂಗ್ರೆಸ್ಸಿನ ಮುಂದೆ ಮಾತನಾಡುತ್ತ ಜಾನ್ಸನ್ ಆ ಚಳವಳಿಯ ಹಾಡಿನ ಪಲ್ಲವಿಯನ್ನೇ ತಮ್ಮ ಮಾತಾಗಿ ಉಚ್ಚರಿಸಿದರು. ಅದು 'ವಿ ಶಾಲ್ ಓವರ್‌ಕಮ್'. ನಮ್ಮ ಶಾಲೆಯ ಮಕ್ಕಳೂ ಹಿಂದಿಯಲ್ಲಿ, ಕನ್ನಡದಲ್ಲಿ ಹಾಡುವ ಹಾಡು. ಇಗರ್ಜಿಯಲ್ಲಿ ಹುಟ್ಟಿ, ೧೯೪೫ರ ಚಾರ್ಲ್ಸ್‌ಟನ್ನಿನ ತಂಬಾಕು ಕಾರ್ಖಾನೆಯ ಮುಷ್ಕರದಲ್ಲಿ ಹೆಂಗಸರ ಬಾಯಲ್ಲಿ ಬೆಳೆದದ್ದು. ಕೇಳುವವರ ಮೈ ನವಿರೇಳಿತಂತೆ. ಚಳವಳಿಯ ಕೆಲವು ತರುಣರಿಗೆ ಮಾತ್ರ ತಮ್ಮ ಹಾಡನ್ನು ಯಾರೋ ಕಸಿದುಕೊಂಡಂತಾಯಿತು. ಎರಡೂ ನಿಜವಿರಬೇಕು. ಅದೇ ಆಗಸ್ಟ್ ೬ರಂದು ಮತದಾನದ ಹಕ್ಕಿನ ಕಾನೂನಿಗೆ ಸಹಿ ಬಿದ್ದಿತು. ೧೯೬೪ರಲ್ಲಿ ಮಿಸಿಸಿಪ್ಪಿಯ ಕರಿಯ ವಯಸ್ಕರಲ್ಲಿ ನೂರಕ್ಕೆ ಏಳು ಜನರ ಹೆಸರೂ ಪಟ್ಟಿಯಲ್ಲಿರಲಿಲ್ಲ. ೧೯೬೭ರ ಹೊತ್ತಿಗೆ ನೂರಕ್ಕೆ ಅರವತ್ತರ ಹತ್ತಿರಕ್ಕೆ ಬಂದಿತು.

ಹಾಗಾದರೆ ಆ ಮತಗಳೆಲ್ಲ ಬಿದ್ದು ಹೇಮರ್ ಗೆದ್ದರೇ? ಇಲ್ಲ. ೧೯೬೪ರಲ್ಲಿ ಕಾಂಗ್ರೆಸ್ಸಿನ ಸ್ಥಾನಕ್ಕೆ ನಿಂತು ಸೋತಿದ್ದರು. ೧೯೭೧ರಲ್ಲಿ ಸಂಸ್ಥಾನದ ಸೆನೆಟ್ಟಿಗೆ ನಿಂತು ಮತ್ತೆ ಸೋತರು. ಹಾಡಿ ಗೆದ್ದ ಗವರ್ನರುಗಳಿಬ್ಬರು, ಹಾಡಿ ಸೋತ ಈ ಹೆಂಗಸೊಬ್ಬರು. ಸೋತರೂ ಸುಮ್ಮನೆ ಕೂರಲಿಲ್ಲ. ೧೯೬೯ರಲ್ಲಿ ಭೂಮಿಯಿಲ್ಲದವರಿಗಾಗಿ ಒಂದು ಸಹಕಾರಿ ಜಮೀನು ಮಾಡಿದರು. ಹಂದಿ ಬ್ಯಾಂಕೆಂ���ು ಒಂದನ್ನು ನಡೆಸಿದರು. ಒಕ್ಕಲಿಗೆ ಗಬ್ಬದ ಹಂದಿಯೊಂದನ್ನು ಕೊಡುವುದು, ಮರಿ ಹಾಕಿದಮೇಲೆ ಮರಿಗಳಲ್ಲಿ ಕೆಲವನ್ನು ಹಿಂದಕ್ಕೆ ತೆಗೆದುಕೊಂಡು ಇನ್ನೊಂದು ಮನೆಗೆ ಕೊಡುವುದು. ಸಮುವೇಲನು ಅರಸನನ್ನು ಬೇಡಿದ ಜನರಿಗೆ, ಅರಸನು ನಿಮ್ಮ ಮಕ್ಕಳನ್ನೂ ಹೊಲವನ್ನೂ ಬೆಳೆಯ ದಶಮಾಂಶವನ್ನೂ ತೆಗೆದುಕೊಳ್ಳುವನು ಎಂದು 'ತೆಗೆದುಕೊಳ್ಳುವ' ಪಟ್ಟಿಯನ್ನೇ ಓದಿದ್ದ. ಮುಂದಾಳುತನದ ಬೇರೊಂದು ಪಟ್ಟಿಯನ್ನು ಬರೆಯುವುದಾದರೆ ನಾನು ಆ ಹಂದಿಗಳಿಂದ ಪ್ರಾರಂಭಿಸುತ್ತೇನೆ.

ಹೇಮರ್ ೧೯೭೭ರ ಮಾರ್ಚ್ ೧೪ರಂದು ತೀರಿಕೊಂಡರು; ಐವತ್ತೊಂಬತ್ತೇ ವರ್ಷ. ೧೯೬೩ರಲ್ಲಿ ಹಾಡಿದ ಅವರ ಹಾಡುಗಳು ತಟ್ಟೆಯಾಗಿ ಹೊರಬಂದದ್ದು ೨೦೧೫ರಲ್ಲಿ. ನುರಿತ ಕಂಠವಲ್ಲ, ಕೆಲವೆಡೆ ಒಡಕು, ಕೆಲವೆಡೆ ಗರ್ಜನೆ. ಒಬ್ಬರೇ ಕುಳಿತು ಕೇಳುವ ಹಾಡುಗಳೂ ಅವಲ್ಲ. ಜಿಮ್ಮಿ ಡೇವಿಸ್ ೨೦೦೦ದವರೆಗೆ ಬದುಕಿ ನೂರೊಂದನೆಯ ವಯಸ್ಸಿನಲ್ಲಿ ಹೋದರು. ಹೇಮರ್ ತೀರಿಕೊಂಡ ೧೯೭೭ರಲ್ಲಿಯೇ ಲೂಯಿಸಿಯಾನ ಅವರ ಬಿಸಿಲಿನ ಹಾಡನ್ನು ಸಂಸ್ಥಾನದ ಗೀತೆಗಳಲ್ಲೊಂದೆಂದು ಸಾರಿತು. ಇಷ್ಟೆಲ್ಲ ಬರೆದು ಲೇಖನಿ ಕೆಳಗಿಡುವ ಹೊತ್ತಿಗೆ, ಹೇಳಿಕೊಳ್ಳಲು ಸಂಕೋಚವಾಗುತ್ತದೆ, ನಾನು ನನಗರಿವಿಲ್ಲದೆಯೇ ಗುನುಗುತ್ತಿದ್ದದ್ದು ಅದನ್ನೇ.